ಹುಣಸೇಮರದ ಹೊಲ ಮತ್ತು ಎರಡಕ್ಷರದ ಕಮ್ಯಾಂಡು

ನಮ್ಮಜ್ಜಿಯ ಹದಿನಾಲ್ಕು ಹಾಡುಗಳನ್ನು ನಾನು ಒಂದೇ ಒಂದು ಸ್ಪೇಸ್ ಒತ್ತಿ ಕಳೆದುಕೊಂಡೆ.

ಅಜ್ಜಿ ಸೋಬಾನೆ ಪದ, ರಾಗಿ ಬೀಸೋ ಪದ ಎಲ್ಲ ಹಾಡುತ್ತಿದ್ದರು. ಅವರ ಕೊನೆಯ ಎರಡು ವರ್ಷ, ಊರಿಗೆ ಹೋದಾಗಲೆಲ್ಲ ಜಗಲಿ ಮೇಲೆ ಕೂರಿಸಿಕೊಂಡು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ಹಾಡಿನ ಮಧ್ಯೆ ಕೋಳಿ ಕೂಗೋದು, ಅಪ್ಪ ಕೆಮ್ಮೋದು, "ಸಾಕು ಬಿಡ್ಲಾ ಮಗಾ, ಗಂಟ್ಲು ಒಣಗೋಯ್ತು" ಅಂತ ಅಜ್ಜಿ ಗೊಣಗೋದು, ಎಲ್ಲ ಅದರಲ್ಲಿತ್ತು. ಅವರು ತೀರಿಕೊಂಡ ಮೇಲೆ ಹಳೇ ಫೋನಿನಿಂದ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ಹಳೇ ಫೋನನ್ನು ಎಕ್ಸ್‌ಚೇಂಜಿಗೆ ಕೊಟ್ಟೆ. ಒಂದು ಶನಿವಾರ ರಾತ್ರಿ ಹಾಡುಗಳ ಹಿಂದಿನ ಗದ್ದಲ ತೆಗೆಯೋಣ ಅಂತ ಕೂತೆ. ನಾನು ಬಳಸುತ್ತಿದ್ದ ಪ್ರೋಗ್ರಾಂ ಅದೇ ಫೋಲ್ಡರಿನಲ್ಲಿ ಒಂದು ರಾಶಿ ತಾತ್ಕಾಲಿಕ ಫೈಲು ಬಿಟ್ಟು ಹೋಗಿತ್ತು. ಎಲ್ಲದರ ಕೊನೆಯಲ್ಲೂ 'ಡಾಟ್ ಟಿಎಂಪಿ' ಅಂತ ಇತ್ತು. ಅವನ್ನು ಅಳಿಸಲು ನಾನು ಟೈಪ್ ಮಾಡಬೇಕಿದ್ದದ್ದು ಆರ್‌ಎಂ, ಒಂದು ಸ್ಪೇಸ್, ಆಮೇಲೆ ಸ್ಟಾರ್ ಡಾಟ್ ಟಿಎಂಪಿ ಒಟ್ಟಿಗೆ ಸೇರಿಸಿ. ನಾನು ಮಾಡಿದ್ದು ಸ್ಟಾರ್ ಆದಮೇಲೆ ಇನ್ನೊಂದು ಸ್ಪೇಸ್.

ಲಿನಕ್ಸ್ ಅದನ್ನು ಹೀಗೆ ಓದಿಕೊಂಡಿತು: ಮೊದಲು ಇಲ್ಲಿರೋದೆಲ್ಲ ಅಳಿಸು, ಆಮೇಲೆ 'ಡಾಟ್ ಟಿಎಂಪಿ' ಅನ್ನೋ ಹೆಸರಿನ ಫೈಲನ್ನೂ ಅಳಿಸು. ಎಲ್ಲ ಅಳಿಸಿದ ಮೇಲೆ ಪರದೆ ಮೇಲೆ ಒಂದೇ ಸಾಲು ಬಂತು. 'ಡಾಟ್ ಟಿಎಂಪಿ' ಅನ್ನೋ ಫೈಲು ಇಲ್ಲವಲ್ಲ ಅನ್ನೋ ದೂರು! ಮನೆಯೆಲ್ಲ ಗುಡಿಸಿ ಹೊರಗೆ ಸುರಿದು, ಕೊನೆಗೆ "ಆ ಮೂಲೇಲಿ ಕಸ ಸಿಗಲಿಲ್ಲ ಸ್ವಾಮೀ" ಅಂದ ಹಾಗೆ.

ಆಫೀಸಿನಲ್ಲಿ ಎಂಟು ವರ್ಷ ದಿನಾ ಇದೇ ಕಮ್ಯಾಂಡು ಹೊಡೆದವನು ನಾನು. "ಇದು ಯಾಕೆ ಒಂದು ಮಾತೂ ಕೇಳೋಲ್ಲ? ಕಸದ ಬುಟ್ಟಿ ಯಾಕಿಲ್ಲ?" ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಆ ರಾತ್ರಿ ಯೋಚಿಸಿದೆ. ಉತ್ತರ ಹುಡುಕುತ್ತಾ ಹೋದವನು ತಲುಪಿದ್ದು 1969ಕ್ಕೆ, ಅಮೆರಿಕದ ನ್ಯೂಜೆರ್ಸಿಯ ಮರ್ರೇ ಹಿಲ್‌ನಲ್ಲಿದ್ದ ಬೆಲ್ ಲ್ಯಾಬ್ಸ್‌ಗೆ.

ಆ ವರ್ಷ ಬೆಲ್ ಲ್ಯಾಬ್ಸ್ 'ಮಲ್ಟಿಕ್ಸ್' ಅನ್ನೋ ದೊಡ್ಡ ಯೋಜನೆಯಿಂದ ಹೊರಗೆ ಬಂತು. ಎಂಐಟಿ ಮತ್ತು ಜನರಲ್ ಎಲೆಕ್ಟ್ರಿಕ್ ಜೊತೆ ಸೇರಿ ಕಟ್ಟುತ್ತಿದ್ದ ಆಪರೇಟಿಂಗ್ ಸಿಸ್ಟಂ ಅದು. ಯೋಜನೆ ಬಿಟ್ಟ ಮೇಲೆ ಅದರಲ್ಲಿದ್ದ ಕೆಲವರಿಗೆ ಕೈ ಖಾಲಿ, ಮನಸ್ಸು ಮಾತ್ರ ಅಲ್ಲೇ. ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ, ರಡ್ ಕ್ಯಾನಡೇ ಮೂವರೂ ಕಪ್ಪುಹಲಗೆ ಮುಂದೆ ನಿಂತು ಒಂದು ಹೊಸ ಫೈಲ್ ಸಿಸ್ಟಂ ಹೇಗಿರಬೇಕು ಅಂತ ಬಿಡಿಸಿದರು. ಗಮನಿಸಿ, ಅದನ್ನು ಓಡಿಸೋಕೆ ಅವರ ಹತ್ತಿರ ಆಗ ಮಷೀನೇ ಇರಲಿಲ್ಲ. ದೊಡ್ಡ ಕಂಪ್ಯೂಟರ್ ಕೊಡಿಸಿ ಅಂತ ಕೇಳಿದ್ದಕ್ಕೆ ಮೇಲಿನವರು ಒಪ್ಪಲಿಲ್ಲ.

ಮಷೀನು ಸಿಕ್ಕಿದ ಕತೆ ಇನ್ನೂ ಚೆನ್ನಾಗಿದೆ. ಥಾಂಪ್ಸನ್ 'ಸ್ಪೇಸ್ ಟ್ರಾವೆಲ್' ಅಂತ ಒಂದು ಆಟ ಬರೆದಿದ್ದರು, ಸೌರಮಂಡಲದಲ್ಲಿ ನೌಕೆ ಓಡಿಸೋ ಆಟ. ಲ್ಯಾಬಿನ ದೊಡ್ಡ ಕಂಪ್ಯೂಟರಿನಲ್ಲಿ ಒಂದು ಸಲ ಆಡಿದರೆ ಸುಮಾರು 75 ಡಾಲರ್ ಲೆಕ್ಕಕ್ಕೆ ಬೀಳುತ್ತಿತ್ತು ಅಂತ ರಿಚಿ ಬರೆದಿದ್ದಾರೆ. ಅಗ್ಗದ ದಾರಿ ಹುಡುಕಿದಾಗ ಅಷ್ಟಾಗಿ ಯಾರೂ ಬಳಸದೆ ಬಿಟ್ಟಿದ್ದ ಒಂದು ಪಿಡಿಪಿ-7 ಕಣ್ಣಿಗೆ ಬಿತ್ತು. ಅದರ ಮೆಮೊರಿ 18 ಬಿಟ್‌ನ 8,000 ಚಿಲ್ಲರೆ ಪದಗಳು, ಅಂದ್ರೆ ನಮ್ಮ ಲೆಕ್ಕದಲ್ಲಿ ಸುಮಾರು 18 ಕೆಬಿ. ವಾಟ್ಸಾಪಿನಲ್ಲಿ ಮಾವ ಕಳಿಸೋ ಗುಡ್ ಮಾರ್ನಿಂಗ್ ಚಿತ್ರ ಕೂಡ ಅದರೊಳಗೆ ಹಿಡಿಯೋಲ್ಲ. ಅದೇ ವರ್ಷ ಬೇಸಿಗೆಯಲ್ಲಿ ಹೆಂಡತಿ, ಮಗು ಊರಿಗೆ ಹೋದ ಮೂರು ವಾರದಲ್ಲಿ ಥಾಂಪ್ಸನ್ ಸಿಸ್ಟಮ್ಮಿನ ಉಳಿದ ಭಾಗಗಳನ್ನು ಬರೆದು ಮುಗಿಸಿದರು. 'ಯುನಿಕ್ಸ್' ಅನ್ನೋ ಹೆಸರು ಬಂದದ್ದು ಮರುವರ್ಷ, ಬ್ರಯಾನ್ ಕೆರ್ನಿಗನ್ ಸೂಚಿಸಿದ್ದು.

ಈಗ ಆ ಕಪ್ಪುಹಲಗೆ ಮೇಲೆ ಬರೆದದ್ದೇನು ಅನ್ನೋದಕ್ಕೆ ಬರೋಣ. ನನಗೆ ಅದು ಅರ್ಥವಾದದ್ದು ನಮ್ಮೂರಿನ ಹೊಲಗಳಿಂದ.

ನಮ್ಮ ಮನೆಗೆ ಮೂರು ತುಂಡು ಹೊಲ ಇದೆ. ಅಪ್ಪನ ಬಾಯಲ್ಲಿ ಒಂದು 'ಹುಣಸೇಮರದ ಹೊಲ'. ಅದನ್ನೇ ಪಕ್ಕದವರು 'ಕಟ್ಟೆ ಕೆಳಗಿನ ಹೊಲ' ಅಂತಾರೆ. ತಾತನ ಕಾಲದವರು ಇನ್ನೊಂದು ಹೆಸರು ಹೇಳ್ತಿದ್ದರು. ಆದರೆ ನಾಡಕಚೇರಿಗೆ ಹೋಗಿ ಹುಣಸೇಮರದ ಹೊಲದ ಪಹಣಿ ಕೊಡಿ ಅಂದ್ರೆ ಯಾರೂ ಕೊಡೋಲ್ಲ. ಅಲ್ಲಿ ನಡೆಯೋದು ಸರ್ವೆ ನಂಬರ್ ಮಾತ್ರ. ಎಷ್ಟು ಎಕರೆ, ಎಷ್ಟು ಗುಂಟೆ, ಯಾರ ಹೆಸರಿನಲ್ಲಿದೆ, ಎಲ್ಲ ಆ ನಂಬರಿಗೆ ಅಂಟಿಕೊಂಡಿರುತ್ತೆ. ಊರಿನವರು ಕರೆಯೋ ಹೆಸರು ಬರೀ ಬಾಯಿಮಾತು, ಆ ನಂಬರಿನ ಕಡೆಗೆ ಬೆರಳು ತೋರಿಸೋದು.

ಯುನಿಕ್ಸ್‌ನಲ್ಲೂ ಹೀಗೇ. ಫೈಲಿಗೆ ಒಂದು ನಂಬರ್ ಇರುತ್ತೆ, ಅದಕ್ಕೆ ಐನೋಡ್ ಅಂತಾರೆ. ಫೈಲು ಎಷ್ಟು ದೊಡ್ಡದು, ಯಾರದ್ದು, ಡಿಸ್ಕಿನ ಯಾವ ಜಾಗದಲ್ಲಿದೆ ಅನ್ನೋದೆಲ್ಲ ಇರೋದು ಐನೋಡಿನಲ್ಲಿ. ಅಲ್ಲಿ ಇಲ್ಲದಿರೋದು ಒಂದೇ, ಫೈಲಿನ ಹೆಸರು! ನಾವು ಫೋಲ್ಡರ್ ಅಂತ ಕರೆಯೋ ಡೈರೆಕ್ಟರಿ ಅನ್ನೋದು ಒಂದು ಪಟ್ಟಿ ಅಷ್ಟೇ. ಇಂಥ ಹೆಸರು ಅಂದ್ರೆ ಇಂಥ ನಂಬರ್ ಅಂತ ಬರೆದಿಟ್ಟ ಪುಸ್ತಕ.

ಇದು ಗೊತ್ತಾದರೆ ದಿನಾ ಹೊಡೆಯೋ ಕಮ್ಯಾಂಡುಗಳೆಲ್ಲ ಬೇರೆ ಥರ ಕಾಣುತ್ತವೆ. ಎಲ್‌ಎಸ್ ಅಂದ್ರೆ ಆ ಪುಸ್ತಕ ಓದೋದು. ಎಂವಿ ಅಂದ್ರೆ ಹೆಸರು ಬದಲಾಯಿಸೋದು. ಅದಕ್ಕೇ 10 ಜಿಬಿಯ ಸಿನಿಮಾ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಕಣ್ಣು ಮಿಟುಕಿಸೋದರೊಳಗೆ ಹೋಗುತ್ತೆ. ಹೊಲ ಇದ್ದಲ್ಲೇ ಇದೆ, ಪುಸ್ತಕದ ಸಾಲು ಮಾತ್ರ ಬದಲಾಯ್ತು. ಸಿಪಿ ಅಂದ್ರೆ ಇನ್ನೊಂದು ಹೊಲವನ್ನೇ ಹೊಸದಾಗಿ ಉತ್ತು ಅದೇ ಬೆಳೆ ಹಾಕೋದು, ಅದಕ್ಕೇ ಹೊತ್ತು ಹಿಡಿಯುತ್ತೆ. ಎಂವಿಯಿಂದಲೇ ಪೆನ್‌ಡ್ರೈವಿಗೆ ಕಳಿಸಿದರೆ ಯಾಕೆ ನಿಧಾನ? ಯಾಕಂದ್ರೆ ಅದು ಬೇರೆ ಊರು. ನಮ್ಮೂರಿನ ಸರ್ವೆ ನಂಬರ್ 42ಕ್ಕೂ ಪಕ್ಕದೂರಿನ 42ಕ್ಕೂ ಸಂಬಂಧ ಇಲ್ಲ. ಅಲ್ಲಿ ಹೊಸ ಹೊಲ ಮಾಡಿ, ಇಲ್ಲಿಯದನ್ನು ತೆಗೆಯಬೇಕು. ಎಲ್‌ಎನ್ ಅನ್ನೋದು ಇರೋ ಹೊಲಕ್ಕೆ ಇನ್ನೊಂದು ಹೆಸರು ಸೇರಿಸುತ್ತೆ.

ಇನ್ನು ಆರ್‌ಎಂ? ಅದು ಪುಸ್ತಕದಿಂದ ಒಂದು ಸಾಲು ಹೊಡೆದು ಹಾಕುತ್ತೆ. ಕೆಲಸ ಅಷ್ಟೇ. ಅದರ ಹಿಂದಿರೋ ಸಿಸ್ಟಂ ಕಾಲ್‌ನ ಹೆಸರೇ 'ಅನ್‌ಲಿಂಕ್', ಅಂದ್ರೆ ಗಂಟು ಬಿಚ್ಚೋದು. ಒಂದು ಐನೋಡಿಗೆ ಎಷ್ಟು ಹೆಸರು ಇವೆ ಅನ್ನೋ ಎಣಿಕೆಯೊಂದು ಇರುತ್ತೆ. ಕೊನೆಯ ಹೆಸರೂ ಹೋಗಿ ಎಣಿಕೆ ಸೊನ್ನೆಯಾದಾಗ ಮಾತ್ರ ಸಿಸ್ಟಂ "ಈ ಜಾಗ ಇನ್ನು ಯಾರು ಬೇಕಾದರೂ ಬಳಸಬಹುದು" ಅಂತ ಗುರುತು ಹಾಕಿಕೊಳ್ಳುತ್ತೆ.

ಸರಿ, ವಿನ್ಯಾಸ ಅಚ್ಚುಕಟ್ಟಾಗಿದೆ. ಆದರೆ ಅಳಿಸೋ ಮುಂಚೆ ಒಂದು ಮಾತು ಕೇಳಬಹುದಿತ್ತಲ್ಲ?

ಇದಕ್ಕೆ ಉತ್ತರ ಅವರ ಮುಂದಿದ್ದ ಟೆಲಿಟೈಪ್. ಪರದೆ ಇಲ್ಲ, ಕಾಗದದ ಸುರುಳಿ ಮೇಲೆ ಟಕಟಕ ಅಂತ ಹೊಡೆಯೋ ಯಂತ್ರ. ಆಗ ಎಲ್ಲ ಕಡೆ ಇದ್ದ ಮಾಡೆಲ್ 33 ಸೆಕೆಂಡಿಗೆ 10 ಅಕ್ಷರ ಹೊಡೆಯುತ್ತಿತ್ತು. "ಈ ಫೈಲನ್ನು ನಿಜವಾಗಿಯೂ ಅಳಿಸಬೇಕೇ" ಅನ್ನೋ ಅಷ್ಟುದ್ದದ ಪ್ರಶ್ನೆ ಕೇಳೋಕೆ ಮೂರು ನಾಲ್ಕು ಸೆಕೆಂಡು, ಕೂಗಾಡೋ ಸದ್ದು ಬೇರೆ. ಹಾಗಾಗಿ ಕಮ್ಯಾಂಡುಗಳ ಹೆಸರು ಎರಡಕ್ಷರಕ್ಕೆ ಇಳಿಯಿತು: ಎಲ್‌ಎಸ್, ಸಿಪಿ, ಎಂವಿ, ಆರ್‌ಎಂ. ಕೆಲಸ ಸರಿಯಾಗಿ ಆದರೆ ಬಾಯಿ ಮುಚ್ಚಿಕೊಂಡಿರೋದು, ತಪ್ಪಾದರೆ ಮಾತ್ರ ಒಂದು ಸಾಲು ಹೇಳೋದು ರೂಢಿಯಾಯ್ತು. ಜಿಪುಣತನ ಎಲ್ಲಿವರೆಗೆ ಅಂದ್ರೆ, ಫೈಲು ಸೃಷ್ಟಿಸೋ ಸಿಸ್ಟಂ ಕಾಲ್‌ನಲ್ಲಿ 'ಕ್ರಿಯೇಟ್' ಪದದ ಕೊನೆಯ ಇಂಗ್ಲಿಷ್ 'ಇ' ಅಕ್ಷರವನ್ನೇ ಬಿಟ್ಟಿದ್ದಾರೆ. ಯುನಿಕ್ಸನ್ನು ಮತ್ತೆ ಮಾಡೋದಾದರೆ ಏನು ಬದಲಾಯಿಸ್ತೀರಿ ಅಂತ ಕೇಳಿದ್ದಕ್ಕೆ, ಆ 'ಇ' ಸೇರಿಸ್ತೀನಿ ಅಂತ ಥಾಂಪ್ಸನ್ ತಮಾಷೆ ಮಾಡಿದ್ದು ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರೋ ಜೋಕು.

ಎರಡನೇ ಕಾರಣ ಜಾಗ. ಸಂಸ್ಥೆಯ ಪೇಟೆಂಟ್ ವಿಭಾಗಕ್ಕೆ ದಾಖಲೆ ಟೈಪ್ ಮಾಡೋ ವ್ಯವಸ್ಥೆ ಕಟ್ಟಿಕೊಡ್ತೀವಿ ಅಂತ ಒಪ್ಪಿಸಿ ಇವರು 1970ರಲ್ಲಿ ಒಂದು ಪಿಡಿಪಿ-11 ತರಿಸಿಕೊಂಡರು. 1971ರ ಕೊನೆಯ ಅರ್ಧದಲ್ಲಿ ಪೇಟೆಂಟ್ ವಿಭಾಗದ ಮೂವರು ಟೈಪಿಸ್ಟರು ದಿನವಿಡೀ ಅದರಲ್ಲಿ ಕೆಲಸ ಮಾಡ್ತಿದ್ದರು, ಅದೇ ಮಷೀನಿನಲ್ಲಿ ಇವರ ಪ್ರಯೋಗವೂ ನಡೀತಿತ್ತು. ಡಿಸ್ಕು ಎಷ್ಟು ದೊಡ್ಡದು? 512 ಕೆಬಿ. ಕೆಲವು ಗಂಟೆಗೊಮ್ಮೆ ಟೈಪಿಸ್ಟರ ಕೆಲಸವನ್ನು ಟೇಪಿಗೆ ಸಾಗಿಸಿ ಜಾಗ ಮಾಡಬೇಕಿತ್ತು. ಇಂಥಲ್ಲಿ ಅಳಿಸಿದ್ದನ್ನೂ ಒಂದು ಬುಟ್ಟಿಯಲ್ಲಿ ಕೂಡಿಡೋದು ಅಂದ್ರೆ, ಒಂದೇ ಕೋಣೆ ಮನೆಯಲ್ಲಿ ಕಸಕ್ಕೆ ಅಂತ ಇನ್ನೊಂದು ಕೋಣೆ ಕೇಳಿದ ಹಾಗೆ.

ಮೂರನೇದು, ಬಳಸುತ್ತಿದ್ದವರು ಬೆರಳೆಣಿಕೆ ಮಂದಿ. ಬರೆದವರೇ ಬಳಸೋರು. ತಪ್ಪು ಮಾಡಿದವನಿಗೆ ಪಕ್ಕದ ಕುರ್ಚಿಯಲ್ಲೇ ಅದನ್ನು ಬರೆದವನು ಸಿಗ್ತಿದ್ದ. ಅಡುಗೆಮನೆಯ ಈಳಿಗೆಮಣೆಗೆ ಯಾರೂ ಬೀಗ ಹಾಕೋಲ್ಲವಲ್ಲ, ಹಾಗೆ.

ಅವರಿಗೆ ಈ ಅಪಾಯ ಗೊತ್ತಿರಲಿಲ್ಲ ಅಂತಲ್ಲ. 1971ರ ನವೆಂಬರ್ 3ರ ತಾರೀಖು ಹೊತ್ತ ಮೊದಲ ಯುನಿಕ್ಸ್ ಕೈಪಿಡಿಯಲ್ಲಿ ಆರ್‌ಎಂ ಜೊತೆಗೆ 'ಡಿಎಸ್‌ಡಬ್ಲ್ಯೂ' ಅಂತ ಇನ್ನೊಂದು ಕಮ್ಯಾಂಡು ಇತ್ತು. ಅದು ಒಂದೊಂದೇ ಫೈಲಿನ ಹೆಸರು ಹೊಡೆದು ತೋರಿಸೋದು, ನೀವು 'ವೈ' ಒತ್ತಿದರೆ ಮಾತ್ರ ಅಳಿಸೋದು. ಮುಂದೆ ಆ ಕೆಲಸ ಆರ್‌ಎಂನ 'ಡ್ಯಾಶ್ ಐ' ಆಯ್ಕೆಗೆ ಬಂತು. ಕೇಳಿ ಅಳಿಸೋ ದಾರಿ ಶುರುವಿನಿಂದಲೇ ಇತ್ತು, ನಾವು ಆ ದಾರಿ ಹಿಡಿಯಲಿಲ್ಲ, ಅಷ್ಟೇ.

ನನ್ನ ಕೈಕೊಟ್ಟ ಸ್ಟಾರ್ ಕೂಡ ಆ ಕೈಪಿಡಿಯಲ್ಲಿದೆ. ಆಗ ಸ್ಟಾರನ್ನು ಬಿಡಿಸಿ ಫೈಲುಗಳ ಪಟ್ಟಿ ಮಾಡೋಕೆ 'ಗ್ಲಾಬ್' ಅನ್ನೋ ಬೇರೆಯದೇ ಪ್ರೋಗ್ರಾಂ ಇತ್ತು, ಈಗ ಆ ಕೆಲಸವನ್ನು ಶೆಲ್ ಮಾಡುತ್ತೆ. ಹೇಗಾದರೂ ಆರ್‌ಎಂ ಸ್ಟಾರನ್ನು ನೋಡೋದೇ ಇಲ್ಲ. ಅದರ ಕೈಗೆ ಸಿಗೋ ಹೊತ್ತಿಗೆ ಅದು ಹೆಸರುಗಳ ಪಟ್ಟಿಯಾಗಿರುತ್ತೆ. ನಾನು ಒಂದೊಂದಾಗಿ ಹದಿನಾಲ್ಕು ಹಾಡಿನ ಹೆಸರು ಟೈಪ್ ಮಾಡಿದೆನೋ, ನಿದ್ದೆಗಣ್ಣಲ್ಲಿ ಒಂದು ಸ್ಟಾರ್ ಒತ್ತಿದೆನೋ, ಅದಕ್ಕೆ ಎರಡೂ ಒಂದೇ.

ಹೀಗೆ ಆ ಹೊತ್ತಿನ ಅನುಕೂಲಕ್ಕೆ ಮಾಡಿದ್ದು ಕಾಯಂ ಆದದ್ದು ಇದೊಂದೇ ಅಲ್ಲ. ಚುಕ್ಕೆಯಿಂದ ಶುರುವಾಗೋ ಫೈಲುಗಳು ಎಲ್‌ಎಸ್‌ನಲ್ಲಿ ಕಾಣೋಲ್ಲ, ಗೊತ್ತಲ್ಲ? ಅದೂ ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ ಅಂತ ಬೆಲ್ ಲ್ಯಾಬ್ಸ್‌ನಲ್ಲೇ ಕೆಲಸ ಮಾಡಿದ್ದ ರಾಬ್ ಪೈಕ್ ಬರೆದಿದ್ದಾರೆ. ಪ್ರತಿ ಡೈರೆಕ್ಟರಿಯಲ್ಲೂ ಇರೋ 'ಡಾಟ್' ಮತ್ತು 'ಡಾಟ್ ಡಾಟ್' ಪಟ್ಟಿಯಲ್ಲಿ ಬರಬಾರದು ಅಂತ, ಮೊದಲ ಅಕ್ಷರ ಚುಕ್ಕೆಯಾದರೆ ಬಿಟ್ಟುಬಿಡು ಅನ್ನೋ ಸುಲಭದ ಪರೀಕ್ಷೆ ಹಾಕಿದರಂತೆ. ಆ ಒಂದು ಸಾಲಿನ ಸೋಮಾರಿತನದಿಂದ ಇವತ್ತು ನಮ್ಮೆಲ್ಲರ ಹೋಮ್ ಡೈರೆಕ್ಟರಿಯಲ್ಲಿ ಅಡಗಿದ ಫೈಲುಗಳ ಸಂತೆಯೇ ಇದೆ.

ಮುಂದೆ ಡಿಸ್ಕು ದೊಡ್ಡದಾಯ್ತು, ಪರದೆ ಬಂತು. 1983ರಲ್ಲಿ ಆಪಲ್‌ನ ಲೀಸಾ ಕಂಪ್ಯೂಟರಿನಲ್ಲಿ, ಮರುವರ್ಷ ಮ್ಯಾಕಿಂಟಾಷ್‌ನಲ್ಲಿ ಕಸದ ಬುಟ್ಟಿಯ ಚಿತ್ರ ಕಾಣಿಸಿತು. ವಿಂಡೋಸ್ 95ರಲ್ಲಿ ರೀಸೈಕಲ್ ಬಿನ್ ಬಂತು. ಆದರೆ ಕಮ್ಯಾಂಡ್ ಲೈನಿನ ಆರ್‌ಎಂ ಬದಲಾಗಲಿಲ್ಲ. ಅಷ್ಟು ಹೊತ್ತಿಗೆ ಅದನ್ನು ನಂಬಿ ಬರೆದ ಸ್ಕ್ರಿಪ್ಟುಗಳು ಎಷ್ಟೋ. ಅದು ಇದ್ದಕ್ಕಿದ್ದ ಹಾಗೆ ಪ್ರಶ್ನೆ ಕೇಳೋಕೆ ಶುರುಮಾಡಿದರೆ, ರಾತ್ರಿ ಎರಡು ಗಂಟೆಗೆ ತಾನಾಗೇ ಓಡೋ ಕೆಲಸಗಳು ಉತ್ತರಕ್ಕೆ ಕಾಯುತ್ತಾ ನಿಂತುಬಿಡುತ್ತವೆ. 1994ರಲ್ಲಿ ಬಂದ 'ದಿ ಯುನಿಕ್ಸ್ ಹೇಟರ್ಸ್ ಹ್ಯಾಂಡ್‌ಬುಕ್' ಪುಸ್ತಕದಲ್ಲಿ ನನ್ನ ಥರದ್ದೇ ಸ್ಟಾರ್-ಸ್ಪೇಸ್ ದುರಂತಗಳ ಗೋಳು ಇದೆ. ಓದಿದಾಗ ನೆಂಟರ ಮನೆಗೆ ಬಂದ ಹಾಗಾಯ್ತು. ಆ ಪುಸ್ತಕಕ್ಕೆ ಒಂದು ವಿರೋಧಿ ಮುನ್ನುಡಿ ಬರೆದುಕೊಟ್ಟವರು ಯಾರು ಗೊತ್ತಾ? ಸಾಕ್ಷಾತ್ ಡೆನ್ನಿಸ್ ರಿಚಿ.

ದೊಡ್ಡವರೂ ಇಲ್ಲಿ ಜಾರಿದ್ದಾರೆ. 1998ರಲ್ಲಿ ಪಿಕ್ಸಾರ್ ಕಂಪನಿ 'ಟಾಯ್ ಸ್ಟೋರಿ 2' ಮಾಡ್ತಿದ್ದಾಗ ಸಿನಿಮಾದ ಫೈಲುಗಳಿದ್ದ ಜಾಗದಲ್ಲಿ ಯಾರೋ ಆರ್‌ಎಂ ಓಡಿಸಿಬಿಟ್ಟರು. ಅಲ್ಲಿದ್ದವರ ಕಣ್ಣೆದುರೇ ಪಾತ್ರಗಳು ಒಂದೊಂದಾಗಿ ಮಾಯವಾದವು. ಸಿನಿಮಾದ ಸುಮಾರು 90 ಭಾಗ ಹೋಗಿತ್ತು. ಬ್ಯಾಕಪ್ ನೋಡಿದರೆ ಅದೂ ಸರಿಯಾಗಿ ಕೆಲಸ ಮಾಡಿರಲಿಲ್ಲ. ಕೊನೆಗೆ ಕಾಪಾಡಿದ್ದು ಗ್ಯಾಲಿನ್ ಸುಸ್ಮನ್ ಅನ್ನೋ ತಾಂತ್ರಿಕ ನಿರ್ದೇಶಕಿಯ ಮನೆ ಕಂಪ್ಯೂಟರ್. ಮಗು ಹುಟ್ಟಿದ್ದರಿಂದ ಅವರು ಮನೆಯಿಂದಲೇ ಕೆಲಸ ಮಾಡ್ತಿದ್ದರು, ಹಾಗಾಗಿ ಅಲ್ಲೊಂದು ಪ್ರತಿ ಇತ್ತು. ಆ ಕಂಪ್ಯೂಟರನ್ನು ಕಂಬಳಿ ಸುತ್ತಿ ಕಾರಿನಲ್ಲಿ ಎಳೆಮಗುವಿನ ಹಾಗೆ ಸ್ಟುಡಿಯೋಗೆ ತಂದರು.

2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ಬೇರೆ ಸರ್ವರ್ ಅಂದುಕೊಂಡು ಮುಖ್ಯ ಡೇಟಾಬೇಸಿನ ಡೈರೆಕ್ಟರಿಯನ್ನೇ ಅಳಿಸಿದರು. ಅಲ್ಲೂ ಬ್ಯಾಕಪ್ಪುಗಳು ಕೈಕೊಟ್ಟವು. ಆರು ಗಂಟೆ ಹಳೆಯ ಒಂದು ಪ್ರತಿ ಸಿಕ್ಕಿದ್ದರಿಂದ ಬದುಕಿಕೊಂಡರು. ಆ ಕಂಪನಿ ತಪ್ಪನ್ನು ಮುಚ್ಚಿಡದೆ, ಡೇಟಾ ವಾಪಸ್ ತರೋ ಕೆಲಸವನ್ನು ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡಿತು. ನಡುವೆ 2006ರಲ್ಲಿ ಲಿನಕ್ಸ್‌ನಲ್ಲಿ ನಾವು ಬಳಸೋ ಗ್ನೂ ಆರ್‌ಎಂ ಒಂದು ಸಣ್ಣ ಬುದ್ಧಿ ಕಲಿತಿತ್ತು. ಇಡೀ ಸಿಸ್ಟಮ್ಮಿನ ಬೇರನ್ನೇ ಅಳಿಸು ಅಂದ್ರೆ ಸುಮ್ಮನೆ ಒಪ್ಪೋಲ್ಲ. ಉಳಿದದ್ದಕ್ಕೆಲ್ಲ ಈಗಲೂ ತಕರಾರಿಲ್ಲ.

ಇನ್ನು ನನ್ನ ಹಾಡುಗಳ ಕತೆ. ಆ ರಾತ್ರಿ ಗಾಬರಿಯಲ್ಲಿ ಕಳೆದುಹೋದ ಫೈಲು ಹುಡುಕೋ ಟೂಲುಗಳನ್ನೆಲ್ಲ ಓಡಿಸಿದೆ. ಎಸ್‌ಎಸ್‌ಡಿ ಡಿಸ್ಕು, ಏನೂ ಸಿಗಲಿಲ್ಲ. ಹತಾಶನಾಗಿ ಕೂತವನಿಗೆ ಹೆಡ್‌ಫೋನಿನಲ್ಲಿ ಏನೋ ಕೇಳಿಸಿತು. ಅಜ್ಜಿ ಇನ್ನೂ ಹಾಡ್ತಾನೇ ಇದ್ದರು!

ಅಳಿಸೋ ಮುಂಚೆ ಒಂದು ಬೀಸೋ ಪದ ಹಾಕಿಕೊಂಡು, ಮತ್ತೆ ಮತ್ತೆ ಬರಲಿ ಅಂತ ಬಿಟ್ಟಿದ್ದೆ. ಫೈಲಿನ ಹೆಸರು ಹೋಗಿದೆ, ಫೋಲ್ಡರ್ ಖಾಲಿ. ಆದರೆ ಹಾಡು ನಿಂತಿಲ್ಲ. ಯಾಕಂದ್ರೆ ಕೊನೆಯ ಹೆಸರು ಹೋದರೂ, ಯಾವುದಾದರೂ ಪ್ರೋಗ್ರಾಂ ಆ ಫೈಲನ್ನು ತೆರೆದಿಟ್ಟುಕೊಂಡಿದ್ದರೆ ಯುನಿಕ್ಸ್ ಅದನ್ನು ಮುಟ್ಟೋಲ್ಲ. ಪಹಣಿಯಲ್ಲಿ ಹೆಸರು ಹೊಡೆದರೂ, ಹೊಲದಲ್ಲಿ ಉಳುತ್ತಿರೋನನ್ನು ಅವನ ಸಾಲು ಮುಗಿಯೋವರೆಗೂ ಎಬ್ಬಿಸೋಲ್ಲ. ಪ್ಲೇಯರ್ ಮುಚ್ಚಿದ್ದರೆ ಅದೂ ಹೋಗ್ತಿತ್ತು. ಕೈ ನಡುಗುತ್ತಿತ್ತು, ಆದರೂ ಮುಚ್ಚಲಿಲ್ಲ. ಲಿನಕ್ಸ್‌ನಲ್ಲಿ 'ಪ್ರಾಕ್' ಅನ್ನೋ ಡೈರೆಕ್ಟರಿ ಇದೆ, ಓಡ್ತಿರೋ ಪ್ರತಿ ಪ್ರೋಗ್ರಾಮಿಗೂ ಅದರಲ್ಲೊಂದು ಫೋಲ್ಡರ್. ಪ್ಲೇಯರಿನ ನಂಬರ್ ಹುಡುಕಿ, ಅದರೊಳಗಿನ 'ಎಫ್‌ಡಿ' ಫೋಲ್ಡರಿನಲ್ಲಿ ನೋಡಿದೆ. 'ಅಳಿಸಲಾಗಿದೆ' ಅನ್ನೋ ಗುರುತಿನ ಜೊತೆ ಹಾಡು ಅಲ್ಲೇ ಕೂತಿತ್ತು. ಸಿಪಿ ಹೊಡೆದು ಪಕ್ಕಕ್ಕೆ ನಕಲು ಮಾಡಿಕೊಂಡೆ. ಹದಿನಾಲ್ಕರಲ್ಲಿ ಒಂದು ಉಳೀತು.

ಬೆಳಿಗ್ಗೆ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಯಾವತ್ತೋ ನಾನೇ ವಾಟ್ಸಾಪಿನಲ್ಲಿ ಕಳಿಸಿದ್ದ ನಾಲ್ಕು ಹಾಡು ಅವರ ಫೋನಿನಲ್ಲಿದ್ದವು. "ಅಮ್ಮಂದು ಅಂತ ನಾನು ಯಾವ್ದೂ ತೆಗ್ದಿಲ್ಲ ಕಣೋ" ಅಂದರು. ಉಳಿದ ಒಂಬತ್ತು ಹೋದವು. ಗಂಟಲು ಒಣಗಿದ್ದು ಕೂಡ ಅದರಲ್ಲೇ ಹೋಯ್ತು.

ಆಮೇಲೆ ಎರಡು ಅಭ್ಯಾಸ ಮಾಡಿಕೊಂಡಿದ್ದೇನೆ. ಸ್ಟಾರ್ ಇರೋ ಆರ್‌ಎಂ ಹೊಡೆಯೋ ಮುಂಚೆ ಅದೇ ಸಾಲಿಗೆ ಎಲ್‌ಎಸ್ ಹಾಕಿ ನೋಡ್ತೀನಿ. ಏನು ಪಟ್ಟಿ ಬರುತ್ತೋ ಅದೇ ಅಳಿಯೋದು. ಎರಡನೇದು, ಒಂದೇ ಹೊಲಕ್ಕೆ ನಾಲ್ಕು ಹೆಸರಿಟ್ಟರೆ ನಾಲ್ಕು ಹೊಲ ಆಗೋಲ್ಲ. ಅದೇ ಡಿಸ್ಕಿನಲ್ಲಿ ಲಿಂಕ್ ಮಾಡಿಟ್ಟದ್ದು ಬ್ಯಾಕಪ್ ಅಲ್ಲ. ನಕಲು ಬೇರೆ ಊರಿನಲ್ಲಿರಬೇಕು, ಬೇರೆಯವರ ಕೈಯಲ್ಲಿದ್ದರೆ ಇನ್ನೂ ವಾಸಿ.

ಈಗ ಅಪ್ಪನ ಮಾತು ರೆಕಾರ್ಡ್ ಮಾಡ್ತಿದ್ದೀನಿ. ಹೊಲಗಳ ಹೆಸರು, ಆ ಹೆಸರು ಯಾಕೆ ಬಂತು, ಹುಣಸೇಮರ ಯಾವ ವರ್ಷ ಬಿತ್ತು, ಎಲ್ಲ. ಮುಗಿದ ತಕ್ಷಣ ಒಂದು ಪ್ರತಿ ಚಿಕ್ಕಮ್ಮನಿಗೆ ಹೋಗುತ್ತೆ. "ಅಷ್ಟು ದೊಡ್ಡ ಕಂಪ್ಯೂಟ್ರು ಇಟ್ಕೊಂಡು ನನ್ನ ಫೋನಿಗ್ಯಾಕೋ ತುಂಬಿಸ್ತೀಯ, ಜಾಗ ಇಲ್ಲ ಅಂತ ಬಡ್ಕೊಳ್ತಿದೆ" ಅಂತ ಬೈತಾರೆ. ಬೈಯಲಿ. ಹೋದ ತಿಂಗಳು ಅವರಿಗೆ ಮೆಮೊರಿ ಕಾರ್ಡ್ ತಂದುಕೊಟ್ಟೆ.